ಅಡಿಕೆ ಕಣದ ಕಾಂಪೌಂಡಿಗೆ ಮುಳ್ಳುಸುರುಳಿ ಹಾಕಿಸಬೇಕು, ಮುಂಚೆ ಏನೇನು ನೋಡ್ಕೋಬೇಕು?

ಕಣದಮನೆ (ಚನ್ನಗಿರಿ ತಾಲ್ಲೂಕು)
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರ ಹೊರಗೆ 1 ಎಕರೆ 12 ಗುಂಟೆಯಲ್ಲಿ ನಮ್ಮ ಅಡಿಕೆ ಕಣ, ಬೇಯಿಸುವ ಶೆಡ್ಡು, ಒಂದು ಗೋಡೌನ್ ಇವೆ. ಸ್ವಂತ ತೋಟದ್ದಲ್ಲದೆ ಖೇಣಿ (ಫಸಲಿನ ಗುತ್ತಿಗೆ) ಹಿಡಿದ ತೋಟಗಳ ಅಡಿಕೆಯೂ ಇಲ್ಲೇ ಒಣಗುತ್ತೆ. ಹೋದ ಸೀಸನ್ನಿನಲ್ಲಿ ಒಂದು ರಾತ್ರಿ ಆರು ಚೀಲ ಹೋಯ್ತು. ಗೇಟಿನ ಬೀಗ ಹಾಗೇ ಇತ್ತು. ಕಾವಲಿನವನು ಒಲೆ ಹತ್ತಿರ ಎದ್ದೇ ಇದ್ದ. ನಾಯಿ ಬೊಗಳಲಿಲ್ಲ. ಗೋಡೆ ಹತ್ತಿ ಬಂದಿದ್ದಾರೆ ಅಂತ ಎಲ್ಲರೂ ಅಂದ್ರು, ನಾವೂ ಹಂಗೇ ಅಂದ್ಕೊಂಡ್ವಿ.

ಸುತ್ತಳತೆ ಸುಮಾರು 980 ಅಡಿ. ರಸ್ತೆ ಕಡೆ ಸಾಲಿಡ್ ಬ್ಲಾಕ್ ಗೋಡೆ, ಪೂರ್ವಕ್ಕೆ ಅಪ್ಪ ಕಟ್ಟಿಸಿದ ಸೈಜುಗಲ್ಲಿನ ಗೋಡೆ, ಹಿಂದೆ ರೆಡಿಮೇಡ್ ಸಿಮೆಂಟ್ ಹಲಗೆಯ ಕಾಂಪೌಂಡ್. ಎಲ್ಲಾ ಕಡೆ ಆರು ಅಡಿ ಅಂತ ಇಟ್ಕೊಳ್ಳಿ. ಒಬ್ಬ ಕಂಟ್ರಾಕ್ಟರ್ ಬಂದ. ಗೇಟಿನ ಹತ್ತಿರವೇ ನಿಂತು ಮೊಬೈಲಿನಲ್ಲಿ ಮ್ಯಾಪ್ ತೆಗೆದು ಬೆರಳಲ್ಲಿ ಸುತ್ತ ಗೆರೆ ಎಳೆದ, ಪೂರ್ತಿ ಸುತ್ತ ವೈ ಆ್ಯಂಗಲ್ (ಗೋಡೆ ಮೇಲೆ ನಿಲ್ಲಿಸೋ Y ಆಕಾರದ ಕಬ್ಬಿಣ) ಮೇಲೆ ಮುಳ್ಳುಸುರುಳಿ ಅಂತ ರನ್ನಿಂಗ್ ಅಡಿ ಲೆಕ್ಕದಲ್ಲಿ ರೇಟು ಹೇಳಿ ಹೋದ. ಟೀ ಆರೋ ಮುಂಚೆ ಕೆಲಸ ಮುಗೀತು. ಇದು ಸರಿಯಾ? ಇಲ್ಲಾ 358 ಮೆಶ್ ಅಂತಾರಲ್ಲ, ಅದು ಬೇಕಾ? ಕೊಯ್ಲು ಶುರುವಾಗೋದ್ರೊಳಗೆ ಮುಗಿಸಬೇಕು.

ಪೀಣ್ಯದ ವೆಲ್ಡರ್
ಭಾನುವಾರ, ರಾತ್ರಿ 10:15

ಅಣ್ಣ, ನಾನೂ ಬೇಲಿ ಹಾಕೋನೇ, ಹೊಟ್ಟೆಪಾಡು ಅದೇ. ಆದ್ರೂ ಹೇಳ್ತೀನಿ, ಗೇಟಲ್ಲಿ ನಿಂತು ಕೊಟ್ಟ ರೇಟು ಸೈಟ್ ಸರ್ವೆ ಅಲ್ಲ.

ಮೊದಲನೇ ಪ್ರಶ್ನೆ: ಎಲ್ಲಿ ಹತ್ತಿದ್ರು? ಎರಡನೇದು: ಒಬ್ಬ ಮನುಷ್ಯ ಆರಡಿ ಗೋಡೆ ಹತ್ತಬಹುದು, ಆರು ಚೀಲ ಹೆಂಗೆ ಹತ್ತಿದವು? ಒಣಗಿದ ಅಡಿಕೆ ಚೀಲವನ್ನ ತಲೆ ಮೇಲೆತ್ತಿ ಆಚೆ ದಾಟಿಸೋಕೆ ಒಳಗಿಬ್ಬರು, ಹೊರಗಿಬ್ಬರು ಬೇಕು. ಎತ್ತಿ ಹಾಕಿದ್ರೆ ಗೋಡೆ ನೆತ್ತಿ ಮೇಲೆ ತರಚಿದ ಗುರುತು ಇರುತ್ತೆ, ಗೋಣಿ ನಾರು ಸಿಕ್ಕಿರುತ್ತೆ, ಕೆಳಗೆ ನಾಲ್ಕು ಅಡಿಕೆಯಾದ್ರೂ ಉದುರಿರುತ್ತೆ. ಯಾರಾದ್ರೂ ನೋಡಿದ್ರಾ?

ಒಂದು ಕೆಲಸ ಮಾಡಿ. ಗೇಟಿನ ಎಡ ಕಂಬದಿಂದ ಶುರು ಮಾಡಿ ಪ್ರತಿ 10 ಅಡಿಗೊಂದು ಸುಣ್ಣದ ನಂಬರ್ ಹಾಕ್ತಾ ಹೋಗಿ. 98 ನಂಬರ್ ಆಗುತ್ತೆ. ಗೋಡೆಯ ಹೊರಗಡೆ ಹಾಕಿ, ಒಳಗಡೆ ಅಲ್ಲ. ಕಳ್ಳ ನೋಡೋದು ಹೊರಗಿನಿಂದ. ಒಂದೊಂದು ನಂಬರಿಗೂ ಹೊರಗಿನ ಎತ್ತರ, ಒಳಗಿನ ಎತ್ತರ, ಗೋಡೆ ಯಾವ ಬಗೆ, ಐದಡಿ ಒಳಗೆ ಕಾಲಿಡೋಕೆ ಏನಿದೆ (ಮರ, ಕಂಬ, ತೊಟ್ಟಿ, ತಿಪ್ಪೆ), ಮೇಲೆ ತಂತಿ ಇದೆಯಾ, ಬುಡದಲ್ಲಿ ಮೋರಿ ಇದೆಯಾ, ಇಷ್ಟು ಬರೀರಿ. ಮಕ್ಕಳ ನೋಟ್‌ಬುಕ್ ಸಾಕು. ಹೊರಗಿನ ಎತ್ತರವನ್ನ ಕಾಲು ಊರೋಕೆ ಸಿಗೋ ಅತಿ ಎತ್ತರದ ಜಾಗದಿಂದ ಅಳೀರಿ, ತಗ್ಗಿನಿಂದ ಅಲ್ಲ. ತಿಪ್ಪೆ ಮೇಲೆ ನಿಂತವನಿಗೆ ನಿಮ್ಮ ಆರಡಿ ಗೋಡೆ ಮೂರೂವರೆ ಅಡಿ.

358 ಅನ್ನೋದು ದೊಡ್ಡ ವಿದ್ಯೆ ಏನಲ್ಲ. ಕಣ್ಣು 3 ಇಂಚು ಅಗಲ, ಅರ್ಧ ಇಂಚು ಎತ್ತರ, ತಂತಿ 8 ಗೇಜು, ಅಂದ್ರೆ ಸುಮಾರು 4 ಮಿ.ಮೀ. ಅರ್ಧ ಇಂಚಲ್ಲಿ ಬೆರಳೂ ತೂರಲ್ಲ, ಶೂ ತುದಿಯೂ ನಿಲ್ಲಲ್ಲ, ಮಾಮೂಲಿ ಕಟ್ಟರ್ ಮೂತಿಯೂ ಹೋಗಲ್ಲ. ಒಳ್ಳೇ ಮಾಲು. ಆದ್ರೆ 980 ಅಡಿಗೂ ಬೇಕಾ ಅನ್ನೋದು ನೋಟ್‌ಬುಕ್ ತುಂಬಿದ ಮೇಲೆ.

ಕಡಲಕರೆ (ಮಂಗಳೂರು)
ಭಾನುವಾರ, ರಾತ್ರಿ 10:50

ಮಾರಾಯ್ರೆ, ಸೈಟಿನಲ್ಲಿ ವೆಲ್ಡಿಂಗ್ ಎಷ್ಟು ಮಾಡ್ತಾರೆ ಅಂತ ಈಗಲೇ ಕೇಳಿಕೊಳ್ಳಿ. ಜಿಂಕ್ ಹೊಡೆದ ಆ್ಯಂಗಲಿಗೆ ಸೈಟಿನಲ್ಲಿ ಬೆಸುಗೆ ಹಾಕಿದರೆ ಆ ಜಾಗದ ಜಿಂಕ್ ಸುಟ್ಟುಹೋಗುತ್ತದೆ. ಮೇಲೆ ಬೆಳ್ಳಿ ಪೇಂಟ್ ಬಳಿದು ಕೊಡ್ತಾರೆ, ನೋಡಲಿಕ್ಕೆ ಚಂದ. ನಮ್ಮದು ಎರಡನೇ ಮಳೆಗಾಲಕ್ಕೆ ಪ್ರತಿ ಬೆಸುಗೆಯಿಂದ ಕೆಂಪು ನೀರು ಇಳಿಯಲಿಕ್ಕೆ ಶುರುವಾಯಿತು, ಬಿಳಿ ಗೋಡೆಯ ಮೇಲೆ ಎಲೆ ಅಡಿಕೆ ಉಗಿದ ಹಾಗೆ. ಅಳತೆ ಮೊದಲೇ ಸರಿಯಾಗಿ ತೆಗೆದರೆ ತೂತು ಕೊರೆಯುವುದು, ಕತ್ತರಿಸುವುದು ಎಲ್ಲ ವರ್ಕ್‌ಶಾಪಿನಲ್ಲೇ ಮುಗಿಸಿ, ಆಮೇಲೆ ಜಿಂಕ್ ತೊಟ್ಟಿಯಲ್ಲಿ ಮುಳುಗಿಸಬಹುದು. ಸೈಟಿನಲ್ಲಿ ಬರೇ ಬೋಲ್ಟು. ನೀವು ಸಮುದ್ರದಿಂದ ದೂರ, ಸರಿ. ಆದರೆ ಅಡಿಕೆ ಬೇಯಿಸುವ ಹಬೆ ಹೊಡೆಯುವ ಕಡೆ ಇದ್ದರೆ ನಂಬರ್ ಹಾಕುವಾಗ ಅದನ್ನೂ ಬರೆದುಕೊಳ್ಳಿ.

ದಿಢೀರ್ ಉತ್ತರ
ಭಾನುವಾರ, ರಾತ್ರಿ 11:05

ಇಷ್ಟೆಲ್ಲ ನೋಟ್‌ಬುಕ್ ಯಾಕೆ ಗುರು. ಎರಡು ಎಳೆ ತಂತಿ ಎಳೆದು ರಾತ್ರಿ ಹೊತ್ತು ಕರೆಂಟ್ ಕೊಡಿ. ಒಬ್ಬ ಹೊಡೆಸಿಕೊಂಡ್ರೆ ಇನ್ನೊಬ್ಬ ಬರಲ್ಲ.

ಲೈನ್‌ಮನ್ 11ಕೆವಿ
ಸೋಮವಾರ, ಬೆಳಗ್ಗೆ 6:20

ಮೇಲಿನವರ ಮಾತು ಯಾರೂ ಕೇಳಬೇಡಿ. ಬೇಲಿಗೆ ನೇರ ಕರೆಂಟ್ ಕೊಟ್ಟು ಹೆಣ ಇಳಿಸೋ ಕೆಲಸ ಕೊನೆಗೆ ಬರೋದು ನಮ್ಮಂಥವರಿಗೆ. ಸಾಯೋದು ಕಳ್ಳ ಅಲ್ಲ, ಬೆಳಗ್ಗೆ ಸ್ವಿಚ್ ಆರಿಸೋಕೆ ಮರೆತ ಮನೆಯವನು, ಇಲ್ಲಾ ಮೇವಿಗೆ ಬಂದ ದನ. ಜೀವ ಹೋದ್ರೆ ಪೊಲೀಸ್ ಕೇಸು ನಿಮ್ಮ ಮೇಲೆ. ಲೈನಿಗೆ ಕೊಕ್ಕೆ ಹಾಕಿದ್ರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮು (ಕರೆಂಟ್ ಕಳ್ಳತನ) ಬೇರೆ. ಸೋಲಾರ್ ಬೇಲಿಯ ಯಂತ್ರ ಹೊಡೆಯೋದು ಕ್ಷಣಮಾತ್ರದ ಪೆಟ್ಟು, ಅದರ ಕತೆಯೇ ಬೇರೆ.

ಕಣದಮನೆಯವರೇ, ನಿಮ್ಮ ಸರ್ವೇಲಿ ಮೇಲೆ ನೋಡೋದು ಮರೀಬೇಡಿ. ಕಟ್ಟಡಕ್ಕಿರೋ ಲೆಕ್ಕ ಹೇಳ್ತೀನಿ: ಎಲ್‌ಟಿ (ಮನೆಗೆ ಬರೋ ಕಡಿಮೆ ವೋಲ್ಟೇಜಿನ) ತಂತಿ ಮೇಲಿಂದ ಹೋದ್ರೆ 2.5 ಮೀಟರ್ ಅಂತರ, ಪಕ್ಕದಲ್ಲಿ ಹೋದ್ರೆ 1.2 ಮೀಟರ್. 11 ಕೆವಿ ಮೇಲಿಂದ ಹೋದ್ರೆ 3.7, ಪಕ್ಕದಲ್ಲಿ 1.2. ಬೇಲಿ ತುದಿಗೂ ಇದಕ್ಕಿಂತ ಕಮ್ಮಿ ಬಿಡಬೇಡಿ. ಗೋಡೆ ನೆತ್ತಿಯಿಂದ ಅಲ್ಲ, ಸುರುಳಿಯ ನೆತ್ತಿಯಿಂದ ಲೆಕ್ಕ. ತಂತಿ ಬೇಸಿಗೆ ಮಧ್ಯಾಹ್ನ ಜೋತು ಬೀಳುತ್ತೆ, ಬೆಳಗ್ಗೆ ನೋಡಿದ ಎತ್ತರ ನಂಬಬೇಡಿ. ಮುಖ್ಯವಾಗಿ, ಟೇಪು, ದೋಟಿ, ಅಲ್ಯೂಮಿನಿಯಂ ಏಣಿ ಹಿಡ್ಕೊಂಡು ತಂತಿ ಎತ್ತರ ಅಳೆಯೋಕೆ ಹೋಗಬೇಡಿ. ಸೆಕ್ಷನ್ ಆಫೀಸಿಗೆ ಹೇಳಿ, ನಮ್ಮೋರು ಬಂದು ನೋಡ್ತಾರೆ.

ಇನ್ನೊಂದು. ಸುತ್ತ 980 ಅಡಿ ಒಂದೇ ಸಮ ಲೋಹ ಸುತ್ತಿದ್ರೆ, ಎಲ್ಲೋ ಒಂದು ಕಡೆ ಲೈನ್ ಹರಿದು ಬಿದ್ದಾಗ ಇಡೀ ಬೇಲಿ ಲೈನ್ ಆಗುತ್ತೆ. ಅರ್ಥಿಂಗ್ ಎಲ್ಲೆಲ್ಲಿ ಅನ್ನೋದನ್ನೂ ನಕ್ಷೆಯಲ್ಲೇ ಗುರುತು ಮಾಡಿಸಿ. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬ, ಅದು ವಾಲದ ಹಾಗೆ ನೆಲಕ್ಕೆ ಬಿಗಿದ ಸ್ಟೇ ತಂತಿ ಗೋಡೆಗೆ ಒತ್ತಿಕೊಂಡಿದ್ರೆ ಅದೂ ಏಣಿಯೇ. ಬರ್ಕೊಳ್ಳಿ.

ಸರಪಳಿ 16 ಆಣೆ
ಸೋಮವಾರ, ಬೆಳಗ್ಗೆ 8:00

ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಎಲ್ಲರೂ ಗೋಡೆಯ ಬಗ್ಗೆ ಹೇಳಿದಿರಿ. ಗೋಡೆ ಇರುವುದೇ ಗಡಿಯ ಮೇಲೆ ಎಂದು ಹೇಳಿದವರು ಯಾರು?

ಹಳ್ಳಿಯಲ್ಲಿ ಅಪ್ಪ ಅಜ್ಜ ಕಟ್ಟಿಸಿದ ಗೋಡೆ ಒಮ್ಮೊಮ್ಮೆ ಮೂರಡಿ ಒಳಗಿರುತ್ತದೆ, ಒಮ್ಮೊಮ್ಮೆ ಮೂರಡಿ ಹೊರಗೆ. ಕಲ್ಲು ಗೋಡೆ ಇರುವತನಕ ಪಕ್ಕದ ಹಿಡುವಳಿದಾರ ಸುಮ್ಮನಿರುತ್ತಾನೆ. ಮೇಲೆ ಹೊಸದಾಗಿ ಮುಳ್ಳು ಕಂಡ ದಿನ ಪಹಣಿ, ಟಿಪ್ಪಣಿ (ಹಳೇ ಅಳತೆ ದಾಖಲೆ) ಎಲ್ಲ ಹೊರಗೆ ಬರುತ್ತವೆ. ಮೊದಲು ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅವರ ಎದುರಿನಲ್ಲೇ ಅಳತೆಯಾಗುತ್ತದೆ. ಬಾಂದುಕಲ್ಲು ಹೂತುಹೋಗಿದ್ದರೆ ಹುಡುಕಿ ಮೇಲೆ ತರುತ್ತಾರೆ. ನಮ್ಮ ಕಾಲದಲ್ಲಿ 33 ಅಡಿಯ ಸರಪಳಿ, ಅದರಲ್ಲಿ 16 ಆಣೆ, ಅಂದರೆ 16 ಸಮಭಾಗ. ಆ ಸರಪಳಿ ಉದ್ದ ಅಗಲ ಹಾಸಿದರೆ ಒಂದು ಗುಂಟೆ, 1089 ಚದರ ಅಡಿ. ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ಬಂದಿದೆ, ಕೆಲಸ ಬೇಗ ಮುಗಿಯುತ್ತದೆ. ಜಗಳ ಮಾತ್ರ ಹಳೇ ಕಾಲದ್ದೇ.

ಗ್ರಾಮ ನಕ್ಷೆಯ ಪ್ರತಿಯನ್ನೂ ತೆಗೆಸಿ. ಚುಕ್ಕಿಗೆರೆಯ ಕಾಲುದಾರಿ ನಿಮ್ಮ ಜಾಗಕ್ಕೆ ಎಲ್ಲಾದರೂ ತಾಗುತ್ತದೆಯೇ ನೋಡಿ. ನಕ್ಷೆಯಲ್ಲಿ ಇಲ್ಲದಿದ್ದರೂ 20 ವರ್ಷ ಅಡೆತಡೆಯಿಲ್ಲದೆ, ತಮ್ಮ ಹಕ್ಕೆಂದು ಜನ ನಡೆದ ದಾರಿಯಾದರೆ 1882ರ ಈಸ್‌ಮೆಂಟ್ ಕಾಯ್ದೆ (ಬೇರೆಯವರ ಜಮೀನಿನಲ್ಲಿ ದಾರಿಯಂಥ ಹಕ್ಕಿನದು) ಮಾತಿಗೆ ಬರುತ್ತದೆ.

ವೈ ಆ್ಯಂಗಲ್ ಎಂದಿರಲ್ಲ, ಅದರ ಒಂದು ಕೈ ಹೊರಕ್ಕೆ ಚಾಚುತ್ತದೆ. ಗೋಡೆ ಸರಿಯಾಗಿ ಗಡಿಯ ಮೇಲಿದ್ದರೆ ಆ ಕೈ ಪಕ್ಕದವನ ಜಮೀನಿನ ಮೇಲೆ.

ಎರಿಹೊಲ (ಹುಬ್ಬಳ್ಳಿ)
ಸೋಮವಾರ, ಮಧ್ಯಾಹ್ನ 1:30

ಅಲ್ರೀ, ಬುಡದಾಗ ಮಣ್ಣು ಯಾವುದೈತಿ ಅಂತ ಒಬ್ಬರೂ ಕೇಳಲಿಲ್ಲಲ್ಲ. ನಮ್ಮ ಕಡೆ ಎರಿಭೂಮಿ. ಬ್ಯಾಸಿಗ್ಯಾಗ ಅಂಗೈ ಹೋಗೋವಷ್ಟು ಬಿರುಕು ಬಿಡತೈತಿ, ಮಳಿ ಬಿದ್ದಕೂಡಲೇ ಉಬ್ಬತೈತಿ. ನಮ್ಮ ಗೋದಾಮಿಗೆ ಎಂಟಡಿ ಕಂಬ ನಿಲ್ಲಿಸುವಾಗ ಎರಡಡಿ ತೆಗ್ಗು ಸಾಕು ಅಂದಿದ್ದರು. ಎರಡು ಮಳಿಗಾಲ ಕಳಿಯೋದರಾಗ ಕಂಬ ಎಲ್ಲಾ ಜಾತ್ರಿ ಮುಗಿಸಿ ಬಂದವರ ಗತೆ ಒಬ್ಬರ ಮ್ಯಾಲೊಬ್ಬರು ವಾಲಿ ನಿಂತಾವ. ಮೆಶ್ ಹಿಂಜಿ ಒಂದು ಮೂಲ್ಯಾಗ ಬೋಲ್ಟೇ ಹಾರಿ ಹೋತು.

ಮೂರು ಕಡೆ ಕುಣಿ ತೆಗಸ್ರಿ, ನಾಕು ಅಡಿ. ದೊಡ್ಡ ಖರ್ಚೇನಲ್ಲ, ಒಂದು ದಿನದ ಆಳು. ಕಪ್ಪು ಪದರ ಎಷ್ಟಕ್ಕ ಮುಗಿತೈತಿ, ಗರಸು (ಹರಳಿನ ಗಟ್ಟಿ ಮಣ್ಣು) ಎಷ್ಟಕ್ಕ ಸಿಗತೈತಿ ನೋಡ್ರಿ. ಗರಸು ಸಿಕ್ಕರ ಅಲ್ಲೀತನಕ ಬುಡ ಇಳಸ್ರಿ. ನಾಕಡಿಗೂ ಸಿಗಲಿಲ್ಲಂದ್ರ ಕೆಳಗ ಗಡಗಿ ಹೊಟ್ಟಿಯಂಗ ಅಗಲ ಮಾಡಿದ ಅಂಡರ್‌ರೀಮ್ಡ್ ಪೈಲ್ ಹಾಕತಾರ, ಅದಕ್ಕ ಎಂಜಿನಿಯರ್ ಬೇಕು. ಚನ್ನಗಿರಿ ಕಡೆ ಒಂದು ಮೂಲಿ ಕೆಂಪು, ಒಂದು ಮೂಲಿ ಕಪ್ಪು ಇರೋದು ನಾ ನೋಡೇನಿ. ಒಂದು ಕುಣಿ ನೋಡಿ ಇಡೀ ಸೈಟ್ ಹಿಂಗ ಅಂತ ಬರಕೋಬ್ಯಾಡ್ರಿ.

ಸಂಘದ ಕಾರ್ಯದರ್ಶಿ (ಮೈಸೂರು)
ಸೋಮವಾರ, ಸಂಜೆ 5:10

ನಮ್ಮ ಬಡಾವಣೆಯ ಪಾರ್ಕಿನ ಅನುಭವ ಹೇಳುತ್ತೇನೆ. ಐದಡಿ ಗೋಡೆಯ ಮೇಲೆ ಗಾಜಿನ ಚೂರು ಹುಗಿಸಿದ್ದೆವು. ಕಳ್ಳ ಬಂದು ಗೋಣಿಚೀಲ ಹಾಸಿ ದಾಟಿದ. ಬಾಲು ತರಲು ಹತ್ತಿದ ಒಂಬತ್ತು ವರ್ಷದ ಹುಡುಗನ ಅಂಗೈಗೆ ಏಳು ಹೊಲಿಗೆ ಬಿತ್ತು. ಅವನ ತಾಯಿಯ ಮುಖ ನೋಡಲು ನನಗೆ ಒಂದು ತಿಂಗಳು ಆಗಲಿಲ್ಲ. ಕಣದಮನೆಯವರೇ, ನಿಮ್ಮ ಗೋಡೆಯನ್ನು ಕಳ್ಳರ ಹೊರತು ಬೇರೆ ಯಾರು ಹತ್ತುತ್ತಾರೆ? ಅದನ್ನು ಒಂದು ವಾರ ಗಮನಿಸಿ, ಶಾಲೆ ಬಿಡುವ ಹೊತ್ತಿನಲ್ಲಿ ವಿಶೇಷವಾಗಿ. ಚೂಪಾದ್ದು ಏನೇ ಇರಲಿ, ಕೈ ಎತ್ತಿದರೆ ಸಿಗದಷ್ಟು ಮೇಲಿರಲಿ. ಎಚ್ಚರಿಕೆ ಫಲಕ ಕನ್ನಡದಲ್ಲಿ ಇರಲಿ, ಓದು ಬಾರದವರಿಗೆ ಚಿತ್ರವೂ ಇರಲಿ.

ಮಂಜಿನೂರು (ಬರ್ಮಿಂಗ್‌ಹ್ಯಾಮ್)
ಸೋಮವಾರ, ರಾತ್ರಿ 11:45

ತೀರ್ಥಹಳ್ಳಿಯವನು, ಇಲ್ಲಿ ಗೋದಾಮುಗಳ ಬೇಲಿ ಪರೀಕ್ಷೆಯ ಕೆಲಸ. ಇಲ್ಲಿ ಎಲ್‌ಪಿಎಸ್ 1175 ಅಂತ ಒಂದು ಮಾನದಂಡ ಇದೆ. ಬೇಲಿ ಕಳ್ಳನನ್ನು ತಡೆಯುತ್ತಾ ಅಂತ ಅದು ಕೇಳುವುದೇ ಇಲ್ಲ. ಇಂಥಿಂಥ ಹತಾರ ಹಿಡಿದವನನ್ನು ಎಷ್ಟು ನಿಮಿಷ ತಡೆಯುತ್ತೆ ಅಂತ ಕೇಳುತ್ತೆ: 1, 3, 5, 10, ಹೀಗೆ. ನಿಮ್ಮ ನೋಟ್‌ಬುಕ್ಕಿಗೆ ಇನ್ನೊಂದು ಕಾಲಂ ಸೇರಿಸಿ. ಈ ನಂಬರಿನಲ್ಲಿ ಸದ್ದಾದರೆ ಕಾವಲಿನವನಿಗೆ ಕೇಳುತ್ತಾ, ಕೇಳಿದರೆ ಅಲ್ಲಿಗೆ ಓಡಲು ಎಷ್ಟು ಹೊತ್ತು? ಸೀಸನ್ನಿನ ರಾತ್ರಿ, ಸುಲಿಯುವ ಯಂತ್ರ ಓಡುತ್ತಿರುವಾಗಿನ ಲೆಕ್ಕ ಬೇಕು. ಈಗ ಯಂತ್ರ ನಿಂತಿದ್ದರೆ ಒಂದು ರಾತ್ರಿ ಬರೀ ಓಡಿಸಿ ನೋಡಿ.

ಕಣದಮನೆ (ಚನ್ನಗಿರಿ ತಾಲ್ಲೂಕು)
ಗುರುವಾರ, ರಾತ್ರಿ 8:30

ನಾನೂ ತಮ್ಮನ ಮಗನೂ ಎರಡು ದಿನ ಸುತ್ತಿದ್ವಿ. ನೋಟ್‌ಬುಕ್ ತುಂಬಿದೆ. ನಾಚಿಕೆ ಬಿಟ್ಟು ಎಲ್ಲಾ ಹೇಳ್ತೀನಿ.

ಆರಡಿ ಗೋಡೆ ಅಂದಿದ್ದೆ. ನಂಬರ್ 14ರಿಂದ 19ರವರೆಗೆ ರಸ್ತೆ ಎತ್ತರಿಸಿದ್ದಾರೆ, ಹೊರಗಿನಿಂದ ನಾಲ್ಕಡಿ ನಾಲ್ಕಿಂಚು. ಇಷ್ಟು ವರ್ಷ ಆ ರಸ್ತೆಯಲ್ಲೇ ಓಡಾಡ್ತಾ ಇದೀನಿ, ಕಣ್ಣಿಗೆ ಬಿದ್ದಿರಲಿಲ್ಲ. ನಂಬರ್ 22ರಲ್ಲಿ ಟಿಸಿ ಸ್ಟೇ ತಂತಿ ಗೋಡೆಯಿಂದ ಒಂದೂವರೆ ಅಡಿ ದೂರ.

ಪೂರ್ವದ ಕಲ್ಲು ಗೋಡೆ, ನಂಬರ್ 41. ಎರಡು ಸಾಲು ಕಲ್ಲಿನ ನಡುವೆ ಗಾರೆ ಉದುರಿ ಗೂಡಾಗಿದೆ, ಅದರ ಕೆಳತುಟಿ ಕನ್ನಡಿ ಥರ ನುಣುಪಾಗಿದೆ, ದೇವಸ್ಥಾನದ ಮೆಟ್ಟಿಲು ಇರುತ್ತಲ್ಲ ಹಂಗೆ. ಸಿಕ್ಕಿಬಿದ್ರು ಅಂದ್ಕೊಂಡೆ. ಮೈಸೂರು ಮೇಡಂ ಹೇಳಿದ್ದು ನೆನಪಾಗಿ ಸಂಜೆ ನಾಲ್ಕೂವರೆಗೆ ಹೋಗಿ ಹುಣಸೆ ಮರದ ಹಿಂದೆ ನಿಂತೆ. ಬ್ಯಾಗು ಮೊದಲು ಒಳಗೆ ಬಿತ್ತು, ಹಿಂದೆ ಒಂದು ಹುಡುಗಿ, ಅವಳ ಹಿಂದೆ ಅವಳ ತಮ್ಮ. ಕಣ ಹಾದು ಗೇಟಿನ ಪಕ್ಕದ ಸಂದಿಯಿಂದ ರಸ್ತೆಗೆ. ಸುತ್ತು ಬಳಸಿ ಹೋದ್ರೆ ಮುಕ್ಕಾಲು ಕಿಲೋಮೀಟರ್ ಜಾಸ್ತಿ. ನಾಯಿ ಬಾಲ ಅಲ್ಲಾಡಿಸ್ತಾ ಗೇಟಿನ ತನಕ ಅವರ ಜೊತೆ ಹೋಯ್ತು. ನಾಯಿ ಯಾಕೆ ಬೊಗಳಲ್ಲ ಅಂತ ಒಂದು ವರ್ಷದಿಂದ ಯೋಚನೆ ಮಾಡ್ತಿದ್ದೆ.

ಇನ್ನು ಹಿಂದಿನ ಕಡೆ. ನಂಬರ್ 67. ರೆಡಿಮೇಡ್ ಕಾಂಪೌಂಡಿನ ಹಲಗೆಗಳು ಕಂಬದ ಮೈಯಲ್ಲಿರೋ ಉದ್ದ ಸೀಳಿನಲ್ಲಿ ಒಂದರ ಮೇಲೊಂದು ಕೂತಿರ್ತವೆ. ಒಳಮೈಗೆಲ್ಲ ನಾವು ಸುಣ್ಣ ಹೊಡೆಸಿದ್ವಿ. ಹೊರಗೆ ನಿಂತು ನಂಬರ್ ಬರೀತಿದ್ದ ಹುಡುಗ ಕೂಗಿದ, "ದೊಡ್ಡಪ್ಪ, ಇದೊಂದು ಹಲಗೆಗೆ ಹೊರಗಡೆ ಸುಣ್ಣ ಐತೆ." ಮೇಲಿಂದ ಎರಡನೇ ಹಲಗೆ ಉಲ್ಟಾ ಕೂತಿದೆ. ಒಳಗಿನಿಂದ ನೋಡಿದ್ರೆ ಆ ಒಂದಡಿ ಪಟ್ಟಿ ಸಿಮೆಂಟ್ ಬಣ್ಣ. ದಿನಾ ಕಣದಲ್ಲಿ ಓಡಾಡೋ ಹತ್ತು ಜನರಲ್ಲಿ ಯಾರಿಗೂ ಕಂಡಿಲ್ಲ.

ಯಾರೂ ಹತ್ತಿಲ್ಲ. ಹಲಗೆ ಎತ್ತಿ ಕೆಳಗಿಟ್ಟು, ಚೀಲ ಕೈಯಿಂದ ಕೈಗೆ ದಾಟಿಸಿ, ಹಲಗೆ ವಾಪಸ್ ಕೂರಿಸಿ ಹೋಗಿದ್ದಾರೆ. ಕತ್ತಲಲ್ಲಿ ಒಂದನ್ನ ತಿರುಗಿಸಿ ಇಟ್ಟಿದ್ದಾರೆ ಅಷ್ಟೇ. ಅದರ ಹಿಂದೆ ಹೊಲ, ಅದರಾಚೆ ನಾಲೆ ಏರಿ ಮೇಲೆ ಗಾಡಿ ದಾರಿ. ಸುಲಿಯೋ ಯಂತ್ರ ಓಡಿಸಿ ನೋಡಿದ್ವಿ. ನಂಬರ್ 67ರಲ್ಲಿ ಹುಡುಗ ತಗಡು ಬಡಿದ್ರೂ ಒಲೆ ಹತ್ತಿರ ಕೇಳಲ್ಲ.

ಪೀಣ್ಯದ ವೆಲ್ಡರ್
ಗುರುವಾರ, ರಾತ್ರಿ 8:55

ಅಣ್ಣ, ಆ ಹುಡುಗನಿಗೆ ಒಂದು ಮಸಾಲೆ ದೋಸೆ ಕೊಡಿಸಿ, ದುಡ್ಡು ನಾನು ಹಾಕ್ತೀನಿ.

ಆ ಹಲಗೆ ಕಾಂಪೌಂಡಿನ ಮೇಲೆ ವೈ ಆ್ಯಂಗಲ್ ಕೂರಿಸಿದ್ರೂ ಅವರು ಮುಳ್ಳಿನ ಕೆಳಗೇ ಹಲಗೆ ಜಾರಿಸಿರೋರು. ಆ ಕಂಬ ಗಟ್ಟಿ ಇರೋದು ಹಲಗೆ ಹಿಡ್ಕೊಳ್ಳೋದಕ್ಕೆ ಮಾತ್ರ. ಮೇಲೆ ಎರಡಡಿ ಬೇಲಿ ಎತ್ತಿದ್ರೆ ಗಾಳಿಗೆ ಬುಡ ಅಲ್ಲಾಡುತ್ತೆ. 358 ಕಣ್ಣು ಸಣ್ಣದು, ಗಾಳಿ ಬೇರೆ ಜಾಸ್ತಿ ಹಿಡಿಯುತ್ತೆ. ಅಲ್ಲಿ ಬೇಲಿ ಗೋಡೆ ಮೇಲೆ ಬೇಡ. ಮೂರಡಿ ಒಳಗೆ, ಅದರದ್ದೇ ಕಂಬ, ಅದರದ್ದೇ ಬುಡ. ನಡುವೆ ಒಬ್ಬ ಮನುಷ್ಯ ನಡೆದು ನೋಡೋಕೆ ಜಾಗ ಇರಲಿ. ಸದ್ಯಕ್ಕೆ, ನಾಳೇನೇ, ಪ್ರತಿ ಅಂಕಣದ (ಎರಡು ಕಂಬದ ನಡುವಿನ ಭಾಗ) ನೆತ್ತಿಗೂ ಒಂದು ಆ್ಯಂಗಲ್ ಇಟ್ಟು ಕಂಬಕ್ಕೆ ಬೋಲ್ಟ್ ಹಾಕಿ. ನಟ್ಟು ಒಳಗಡೆ ಬರಲಿ. ಬಿಗಿದಾಗ ತಲೆ ಮುರಿದು ಬೀಳೋ ನಟ್ಟು ಸಿಗುತ್ತೆ, ಅದೇ ತಗೊಳ್ಳಿ.

ಆನೆದಾರಿ (ಹುಣಸೂರು)
ಗುರುವಾರ, ರಾತ್ರಿ 10:20

ನಮ್ಮ ಕಡೆ ಹತ್ತದ ಹಾಗೆ ಬೇಲಿ ಹಾಕೋದು ಆನೆಗೆ. ಹಳೇ ರೈಲು ಕಂಬಿ ನೆಟ್ಟು ಅಡ್ಡ ಹಾಕ್ತಾರೆ. 2018ರಲ್ಲಿ ನಾಗರಹೊಳೆ ವೀರನಹೊಸಹಳ್ಳಿ ವಲಯದಲ್ಲಿ ಒಂದು ಸಲಗ ಅದನ್ನ ಹತ್ತಿ ದಾಟೋಕೆ ಹೋಗಿ ಸಿಕ್ಕಿಹಾಕ್ಕೊಂಡು ಸತ್ತೋಯ್ತು. ನಿಮ್ಮ ಹಿಂದಿನ ಕಡೆ ನಾಲೆ ಇದೆ ಅಂದ್ರಲ್ಲ, ದನ ನೀರಿಗೆ ಹೋಗೋ ದಾರಿ ಎಲ್ಲಿದೆ ಅಂತ ಅದನ್ನೂ ಗುರುತು ಹಾಕ್ಕೊಳ್ಳಿ.

ಸರಪಳಿ 16 ಆಣೆ
ಶುಕ್ರವಾರ, ಬೆಳಗ್ಗೆ 7:45

ನಂಬರ್ 41ರ ಮಕ್ಕಳು ಬರುವ ದಿಕ್ಕಿನಲ್ಲಿ ಕಾಲುದಾರಿ ಇದೆಯೇ? ನಕ್ಷೆ ಸಿಕ್ಕಿತೇ?

ಕಣದಮನೆ (ಚನ್ನಗಿರಿ ತಾಲ್ಲೂಕು)
ಮಂಗಳವಾರ, ರಾತ್ರಿ 9:15

ಸಿಕ್ತು ಸರ್. ಚುಕ್ಕಿಗೆರೆ ಪಕ್ಕದವರ ಬದುವಿನ ಮೇಲೆ ಬಂದು ನಮ್ಮ ಪೂರ್ವ ಮೂಲೆ ಹಾದು ರಸ್ತೆ ಸೇರುತ್ತೆ. ಅಪ್ಪ ಗೋಡೆ ಕಟ್ಟಿಸಿದ್ದು ಅದರ ಮೇಲೇನೇ. ಮಕ್ಕಳು ನಡೀತಿರೋದು ಅವರ ದಾರೀಲೇ, ನಡುವೆ ನಮ್ಮ ಗೋಡೆ ಬಂದಿದೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟಿದೀನಿ. ಆ ಮೂಲೆಯಲ್ಲಿ ಬೇಲಿ ಒಳಗೆ ಸರಿಸಿ ನಾಲ್ಕಡಿ ದಾರಿ ಬಿಡೋಣ ಅಂದೆ. ಅಣ್ಣ ಒಪ್ಪಿಲ್ಲ, ಬಿಟ್ಟ ಜಾಗ ವಾಪಸ್ ಬರಲ್ಲ ಅಂತಾನೆ. ಅಳತೆ ಆಗೋತನಕ ಅಲ್ಲಿ ನಲವತ್ತಡಿ ಏನೂ ಮಾಡಲ್ಲ ಅಂತ ಸದ್ಯಕ್ಕೆ ನಿಂತಿದೆ.

ಮಿಕ್ಕಿದ್ದು ಹೀಗೆ. ಹಿಂದಿನ 260 ಅಡಿಗೆ 358 ಮೆಶ್, ಸ್ವಂತ ಕಂಬದ ಮೇಲೆ, ಮೂರಡಿ ಒಳಗೆ. ರಸ್ತೆ ತಗ್ಗಿಸೋಕಾಗಲ್ಲ, ಹಾಗಾಗಿ 14ರಿಂದ 19ಕ್ಕೆ ಗೋಡೆಯನ್ನ ಎರಡು ವರಸೆ ಬ್ಲಾಕ್ ಇಟ್ಟು ಎತ್ತರಿಸಿ ಒಳಗಡೆ ಬಾಗಿದ ಆ್ಯಂಗಲ್ ಮೇಲೆ ಮೂರೆಳೆ ಮುಳ್ಳುತಂತಿ. 22ರ ಸ್ಟೇ ತಂತಿಗೆ ಸೆಕ್ಷನ್ ಆಫೀಸಿನಲ್ಲಿ ಅರ್ಜಿ. ಬೇರೆ ಕಡೆ ಏನೂ ಇಲ್ಲ. ಗೇಟಿನ ಪಕ್ಕದ ಸಂದಿಗೂ ಸದ್ಯಕ್ಕೆ ಕೈ ಹಾಕಲ್ಲ. ಕಾವಲಿನವನ ಮಂಚ ಒಲೆಯಿಂದ ಗೋಡೌನಿನ ಹಿಂಬದಿಗೆ ಹೋಯ್ತು, ಅವನಿಗೆ ಮಾತ್ರ ಚಳಿಯ ಚಿಂತೆ. ಹೊಸ ಕಂಟ್ರಾಕ್ಟರಿಗೆ ನೋಟ್‌ಬುಕ್ ಕೊಟ್ಟು ನಂಬರ್ ಪ್ರಕಾರ ರೇಟು ಕೇಳಿದೆ. ಅವನು ನೋಟ್‌ಬುಕ್ ನೋಡಿ, "ಸಾರ್, ನೀವು ಎಂಜಿನಿಯರಾ?" ಅಂದ.

ಎರಿಹೊಲ (ಹುಬ್ಬಳ್ಳಿ)
ಮಂಗಳವಾರ, ರಾತ್ರಿ 9:40

ಕುಣಿ ತೆಗಸಿದ್ರೇನು?

ಕಣದಮನೆ (ಚನ್ನಗಿರಿ ತಾಲ್ಲೂಕು)
ಮಂಗಳವಾರ, ರಾತ್ರಿ 9:52

ಮೂರೂ ತೆಗೆಸಿದ್ವಿ. ರಸ್ತೆ ಕಡೆ ಕೆಂಪು, ಎರಡೂವರೆ ಅಡಿಗೇ ಗಟ್ಟಿ. ನಡುವೆ ಮಿಶ್ರ. ನಾಲೆ ಕಡೆಯ ಕುಣೀಲಿ ಮೂರೂಕಾಲು ಅಡಿವರೆಗೂ ಕಪ್ಪು, ಅದರ ಕೆಳಗೆ ಗರಸು ಈಗ ತಾನೇ ಶುರುವಾಗಿತ್ತು, ಅಷ್ಟರಲ್ಲಿ ಮಳೆ ಬಂತು. ಬೆಳಗ್ಗೆ ನೋಡಿದ್ರೆ ಅರ್ಧ ಕುಣಿ ನೀರು, ಒಳಗೆ ಎರಡು ಕಪ್ಪೆ. ಬತ್ತಿದ ಮೇಲೆ ಟೇಪ್ ಇಟ್ಟು ಫೋಟೋ ಹಾಕ್ತೀನಿ.